ಕಬ್ಬಿನ ಸೀಮೆಯಲ್ಲಿ ಸೋರುವ ಯೆಜ್ಡಿ

‘ಟಾಕಿ ಸೋರ್ತೈತ್ರಿ’ ಎನ್ನುತ್ತ ಹಳೆಯ ಯೆಜ್ಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡು ಬಂದವರ ಮಾತನ್ನು ಅರ್ಧದಷ್ಟು ನಂಬಬೇಕು. ಸೋರುವುದು ನಿಜ. ಟಾಕಿಯೇ ಸೋರುತ್ತಿದೆ ಎಂಬುದು ಬಹಳ ಸಲ ನಿಜವಲ್ಲ. ಪೆಟ್ರೋಲಿನ ಮೇಲ್ಮೈ ಎಳೆತ ನೀರಿನದರ ಮೂರನೇ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಅದು ನೀರಿನಂತೆ ಹನಿಗಟ್ಟಿ ನಿಲ್ಲದೆ ತಗಡಿನ ಮೈಗೆ ಅಂಟಿಕೊಂಡು ತೆಳ್ಳಗೆ ಹರಡುತ್ತ ಹೋಗಿ, ಎಲ್ಲೋ ಕೆಳಗಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗ ಒಂದು, ಸೋರಿದ ಜಾಗ ಇನ್ನೊಂದು. ಎಲ್ಲವನ್ನೂ ಒರೆಸಿ ಒಣಗಿಸಿ, ಸಂದುಗಳಿಗೆ ಸೀಮೆಸುಣ್ಣದ ಪುಡಿ ಸವರಿ ಪೆಟ್ರೋಲಿನ ಕಾಕ್ ತೆರೆದರೆ ಮೊದಲು ಎಲ್ಲಿ ಒದ್ದೆಯಾಗುತ್ತದೋ ಅಲ್ಲೇ ಕಳ್ಳ. ಟೂ ಸ್ಟ್ರೋಕ್ ಗಾಡಿಯವರಿಗೆ ಇನ್ನೊಂದು ಅನುಕೂಲವಿದೆ: ಪೆಟ್ರೋಲು ಆರಿಹೋದರೂ ಅದರಲ್ಲಿ ಬೆರೆಸಿದ ಎಣ್ಣೆ ಜಿಗುಟಾಗಿ ಉಳಿಯುತ್ತದೆ. ಆ ಜಿಡ್ಡಿನ ಗೆರೆ ಹಿಡಿದು ಮೇಲಕ್ಕೆ ಹೋದರಾಯಿತು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜೆಕ್ ತಂತ್ರಜ್ಞಾನದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 65 ಮಿಲಿಮೀಟರ್ ಅಗಲದ ಬೋರು, 75 ಮಿಲಿಮೀಟರ್ ಉದ್ದದ ಸ್ಟ್ರೋಕು, ಎರಡು ಸೈಲೆನ್ಸರು, ಗೇರಿಗೂ ಕಿಕ್ಕಿಗೂ ಒಂದೇ ಲಿವರು. ಎಂಜಿನ್ನು ಗಟ್ಟಿಮುಟ್ಟು. ಆದರೆ ಅದರ ರಬ್ಬರು, ಕಾರ್ಕು, ವಾಷರುಗಳನ್ನು ಆರಿಸಿದವರ ತಲೆಯಲ್ಲಿ ಇದ್ದದ್ದು ಬರೀ ಪೆಟ್ರೋಲು. ಟಾಕಿಗೆ ಕಬ್ಬಿನ ಸಾರ ಬಂದು ಬೀಳುತ್ತದೆಂದು ಆಗ ಯಾರು ಎಣಿಸಿದ್ದರು?

ಈಗ ಬೀಳುತ್ತಿದೆ. ಕಿತ್ತೂರು ಪಕ್ಕದ ಎಂ.ಕೆ. ಹುಬ್ಬಳ್ಳಿಯಲ್ಲಿ, ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ, ರಾಮದುರ್ಗ ತಾಲ್ಲೂಕಿನ ಖಾನಪೇಟದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮಿನಲ್ಲಿ ಈ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುವುದೇ ಬೈಕಿನವರ ಅರ್ಧ ಪ್ರಯಾಣ. ಮುನವಳ್ಳಿಯಂಥ ಕಡೆ ಸಕ್ಕರೆಯ ಜೊತೆಗೆ ಎಥೆನಾಲೂ ತಯಾರಾಗುತ್ತದೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ರೈತನ ಹೊಲಕ್ಕೆ ಒಳ್ಳೆಯದಾದದ್ದು ಅದೇ ರೈತನ ಹಳೆಯ ಗಾಡಿಗೆ ಒಗ್ಗುತ್ತಿಲ್ಲ.

ಕಾರಣ ರಸಾಯನಶಾಸ್ತ್ರದ್ದು. ದ್ರವವೊಂದು ತನ್ನಂಥದೇ ಸ್ವಭಾವದ ವಸ್ತುವಿನೊಳಕ್ಕೆ ಸಲೀಸಾಗಿ ನುಗ್ಗುತ್ತದೆ. ಪೈಪು, ಸೀಲುಗಳಿಗೆ ಹೆಚ್ಚಾಗಿ ಬಳಸುವ ನೈಟ್ರೈಲ್ ರಬ್ಬರಿನ ಸ್ವಭಾವ ಪೆಟ್ರೋಲು ಮತ್ತು ಎಥೆನಾಲಿನಂಥ ಆಲ್ಕೊಹಾಲುಗಳ ನಡುವಿನದು. ಬರೀ ಪೆಟ್ರೋಲನ್ನು ಅದು ತಡೆದುಕೊಳ್ಳುತ್ತದೆ, ಬರೀ ಆಲ್ಕೊಹಾಲನ್ನೂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಎರಡೂ ಬೆರೆತಾಗ ಮಾತ್ರ ಆ ಮಿಶ್ರಣದ ಗುಣ ರಬ್ಬರಿನ ಗುಣಕ್ಕೆ ಹತ್ತಿರವಾಗಿಬಿಡುತ್ತದೆ. ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತದೆ. ಉಬ್ಬಿದ ವಾಷರು ಮೆತ್ತಗಾಗಿ ಬಿರುಕು ಬಿಡುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ಟಾಕಿ ಒಣಗಿದರೆ ಕುಗ್ಗಿ, ಸಂದು ಬಿಡುತ್ತದೆ. ಕಾರ್ಕಿನ ಸೀಲಿಗೆ ಅರಗಿನ ಲೇಪ ಹಚ್ಚಿದ್ದರೆ ಕಥೆ ಮುಗಿಯಿತು. ಅರಗು ಪೆಟ್ರೋಲಿಗೆ ಜಗ್ಗುವುದಿಲ್ಲ, ಆಲ್ಕೊಹಾಲಿಗೆ ಕರಗುತ್ತದೆ.

ಇದಕ್ಕೆ ಮದ್ದು ಫ್ಲೋರೋ ರಬ್ಬರು. ಅಂಗಡಿಯಲ್ಲಿ ‘ವೈಟಾನ್’ ಎಂದು ಕೇಳಿದರೆ ಕೊಡುತ್ತಾರೆ. ಬೆಲೆ ಜಾಸ್ತಿ, ಆದರೂ ಕಾಕಿನ ವಾಷರಿಗೆ ಬೇಕಾಗುವುದೇ ಚೂರು. ಪೈಪನ್ನಂತೂ ಚೌಕಾಸಿ ಮಾಡದೆ ಬದಲಿಸಬೇಕು. ಹಳೆಯ ಪೈಪನ್ನು ಬೆರಳಿನಲ್ಲಿ ಮಡಚಿ ನೋಡಿ, ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಅದರ ಆಯಸ್ಸು ತೀರಿದೆ.

ಪೈಪು, ಕಾಕು ಎರಡೂ ಸರಿಯಿದ್ದೂ ಸೋರುತ್ತಿದ್ದರೆ ಕಾರ್ಬುರೇಟರಿನ ಕಡೆ ನೋಡಬೇಕು. ಈ ಗಾಡಿಗಳಲ್ಲಿ ಪೆಟ್ರೋಲು ಪಂಪಿಲ್ಲ. ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲು ತುಂಬುತ್ತಿದ್ದಂತೆ ಫ್ಲೋಟು ಮೇಲೇರಿ ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಆ ಸೂಜಿಯ ಮೊನೆಗೂ ಅದರ ಪೀಠಕ್ಕೂ ನಡುವೆ ಒಂದು ಕಣ ಸಿಕ್ಕಿಕೊಂಡರೆ ಸಾಕು, ದಾರಿ ಪೂರ್ತಿ ಮುಚ್ಚುವುದಿಲ್ಲ. ಇಲ್ಲೂ ಎಥೆನಾಲಿನ ಕೈವಾಡವಿದೆ: ಟಾಕಿಯ ಗೋಡೆಗೆ ದಶಕಗಳಿಂದ ಮೆತ್ತಿಕೊಂಡಿದ್ದ ಅಂಟನ್ನು ಅದು ಸಡಿಲಿಸಿ ಕೆಳಗೆ ಕಳಿಸುತ್ತದೆ. ಕಾಕ್ ಮುಚ್ಚಲು ಮರೆತು ಮಲಗಿದರೆ ಪೆಟ್ರೋಲು ಹೊರಗಷ್ಟೇ ಅಲ್ಲ, ಕ್ರ್ಯಾಂಕ್ ಕೇಸಿಗೂ ಇಳಿದಿರುತ್ತದೆ. ಬೆಳಿಗ್ಗೆ ಕಿಕ್ಕು ಬಿಗಿಯಾಗಿ, ಪ್ಲಗ್ಗು ಒದ್ದೆಯಾಗಿ ಕೂತಿರುತ್ತದೆ.

ಹಿತ್ತಾಳೆಯ ಫ್ಲೋಟೇ ತೂತಾಗಿದ್ದರೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಕುಲುಕಿದರೆ ಪೆಟ್ರೋಲು ಹೊಕ್ಕಿದೆ ಎಂದರ್ಥ. ಅದನ್ನು ಒಲೆಯಿಂದ ದೂರ ತಂದಿಟ್ಟ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ, ಕಣ್ಣಿಗೆ ಕಾಣದ ತೂತಿನಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಒಳಗಿನ ಪೆಟ್ರೋಲು ಪೂರ್ತಿ ಹೊರಬಿದ್ದ ಮೇಲೆಯೇ ಬೆಸುಗೆ. ಅದೂ ಒಂದು ಚುಕ್ಕೆಯಷ್ಟು. ಸೀಸ ಹೆಚ್ಚಾದರೆ ಫ್ಲೋಟಿನ ತೂಕ ಏರಿ, ಅದು ತಡವಾಗಿ ಮೇಲೇಳುತ್ತದೆ, ಬಟ್ಟಲು ಮತ್ತೆ ತುಂಬಿ ಹರಿಯುತ್ತದೆ.

ನಿಜವಾಗಿಯೂ ಟಾಕಿಯೇ ತೂತಾದಾಗ ನಮ್ಮ ಜನ ದಾರಿಯಲ್ಲಿ ಮಾಡುವ ಉಪಾಯ ಬಟ್ಟೆ ಸಾಬೂನಿನದು. ತುಂಡನ್ನು ಮಿದ್ದು ತೂತಿಗೆ ಒತ್ತುತ್ತಾರೆ. ಸಾಬೂನು ಪೆಟ್ರೋಲಿನಲ್ಲಿ ಕರಗದು, ಮನೆ ಮುಟ್ಟುವವರೆಗೆ ನಿಲ್ಲುತ್ತದೆ. ಆದರೆ ಆಲ್ಕೊಹಾಲಿನಲ್ಲಿ ಸಾಬೂನು ಕರಗುತ್ತದೆ. ಈ ಬೆರಕೆ ಪೆಟ್ರೋಲಿಗೆ ಅದನ್ನು ನಂಬಿ ಸವದತ್ತಿಯ ಗುಡ್ಡಕ್ಕೆ ಹೊರಡುವುದು ಬೇಡ. ರಾಮದುರ್ಗದ ಬಿಸಿಲಿನಲ್ಲಿ ಕಂಠಮಟ್ಟ ತುಂಬಿಸಿದ ಟಾಕಿ ಮುಚ್ಚಳದಿಂದ ಒಸರಿದರೆ ಅದು ತೂತಲ್ಲ. ಹತ್ತು ಲೀಟರ್ ಪೆಟ್ರೋಲು 20 ಡಿಗ್ರಿ ಕಾದರೆ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ.

ಬೆಸುಗೆ ಹಾಕಿಸುವವರು ಒಂದು ಮಾತು ಕೇಳಬೇಕು. ಖಾಲಿ ಟಾಕಿ ತುಂಬಿದ ಟಾಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇ 1.4ರಿಂದ 7.6ರಷ್ಟು ಇದ್ದಾಗ ಕಿಡಿ ತಾಗಿದರೆ ಸಿಡಿಯುತ್ತದೆ. ‘ಖಾಲಿ’ ಟಾಕಿಯೊಳಗೆ ಇರುವುದು ಇಂಥದೇ ಮಿಶ್ರಣ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಪಕ್ಕದ ಕೋಣೆಯ ದೀಪವನ್ನೂ ಮುಟ್ಟಬಲ್ಲದು. ಬಲ್ಲ ಮೆಕ್ಯಾನಿಕ್ಕು ಟಾಕಿಯನ್ನು ಚೆನ್ನಾಗಿ ತೊಳೆದು, ಬೆಸೆಯುವ ಜಾಗದ ಹತ್ತಿರದವರೆಗೂ ನೀರು ತುಂಬಿಸಿಯೇ ಕೆಲಸಕ್ಕೆ ಕೈ ಹಚ್ಚುತ್ತಾನೆ.

ಟಾಕಿ ತೂತಾಗುವುದು ಸಾಮಾನ್ಯವಾಗಿ ಒಳಗಿನಿಂದ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಒಂದು ಮಿತಿ ದಾಟಿದೊಡನೆ ಆಲ್ಕೊಹಾಲು ನೀರನ್ನು ಕಟ್ಟಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ತುಕ್ಕು ಅಲ್ಲಿಂದ ಶುರು. ಮಲೆನಾಡಿನ ಅಂಚಿನ ಕಿತ್ತೂರಿನ ಕಡೆ ಮಳೆಗಾಲವಿಡೀ ಗಾಡಿ ನಿಲ್ಲಿಸುವವರು ಟಾಕಿ ಬರಿದು ಮಾಡಿ, ಒಳಗೆ ಎಣ್ಣೆ ಸವರಿಡುವುದು ಒಳಿತು.

ತುಕ್ಕು ತೆಗೆಯಲು ಕಾಕಂಬಿಯೂ ಆಗುತ್ತದೆ, ಎಥೆನಾಲಿಗೆ ಮೂಲವಾದ ಅದೇ ಕಾಕಂಬಿ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಕಾಕನ್ನು ಬಿಚ್ಚಿ ಆ ತೂತಿಗೆ ಬೂಚು ಹಾಕಿ, ಎರಡು ವಾರ ಟಾಕಿಯಲ್ಲಿ ಬಿಟ್ಟರೆ ಅದರಲ್ಲಿನ ಸಾವಯವ ಅಂಶಗಳು ತುಕ್ಕಿನ ಕಬ್ಬಿಣವನ್ನು ಹಿಡಿದೆಳೆದು ಕರಗಿಸುತ್ತವೆ, ಗಟ್ಟಿ ತಗಡಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅನಿಲ ಹುಟ್ಟುವುದರಿಂದ ಮುಚ್ಚಳ ಬಿಗಿಯಬಾರದು, ವಾಸನೆ ಸಹಿಸಬೇಕು. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸುರಿಯದಿದ್ದರೆ ಗಂಟೆಯೊಳಗೆ ಹೊಸ ತುಕ್ಕು. ತೊಡಕೆಂದರೆ, ಕಾರ್ಖಾನೆಯ ಬಾಗಿಲಲ್ಲೇ ಮನೆಯಿದ್ದರೂ ಒಂದು ಕ್ಯಾನು ಕಾಕಂಬಿ ಸಿಗುವುದು ಕಷ್ಟ, ಅದು ಅಬಕಾರಿ ಇಲಾಖೆಯ ಹತೋಟಿಯ ಸರಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಅದೇ ಕೆಲಸವನ್ನು ಒಂದೆರಡು ದಿನದಲ್ಲಿ ಮಾಡಿಕೊಡುತ್ತದೆ.