ಅಡಿಗೆಮನೆಯ ಗದಾಯುದ್ಧ

ಮುಧೋಳದ ರನ್ನಕವಿಯ ಗದಾಯುದ್ಧವನ್ನು ಹಲವು ವರ್ಷಗಳಿಂದ ಪಾಠ ಹೇಳುತ್ತ ಬಂದವನು ನಾನು. ಆದರೆ ಜಮಖಂಡಿಯ ನನ್ನ ಮನೆಯಲ್ಲಿಯೇ ಅಂಥದೊಂದು ಯುದ್ಧ ನಡೆದೀತೆಂದು ಎಣಿಸಿರಲಿಲ್ಲ. ಅದಕ್ಕೆ ಕಾರಣವಾದ ಗದೆಯು ಮೊಳಕ್ಕಿಂತ ತುಸು ಚಿಕ್ಕದು. ಹಿಡಿಯೊಳಗೆ ಮೋಟರು, ತುದಿಯಲ್ಲಿ ಅಲಗು. ಹೆಸರು ಹ್ಯಾಂಡ್ ಬ್ಲೆಂಡರು.

1950ರಲ್ಲಿ ಸ್ವಿಟ್ಜರ್ಲೆಂಡಿನ ರೋಜರ್ ಪೆರಿಂಜಾಕೆ ಎಂಬವರು ಇಂಥ ಯಂತ್ರಕ್ಕೆ ಪೇಟೆಂಟು ಪಡೆದರು. ಅದಕ್ಕಿಟ್ಟ ‘ಬಾಮಿಕ್ಸ್’ ಎಂಬ ಹೆಸರಿನ ಮೂಲವು ‘ಬಡಿದು ಬೆರೆಸುವುದು’ ಎಂಬರ್ಥದ ಫ್ರೆಂಚ್ ಮಾತು. ನಮ್ಮ ಕಡಗೋಲು ತಲೆತಲಾಂತರದಿಂದ ಮಾಡುತ್ತ ಬಂದುದೂ ಅದನ್ನೇ ಅಲ್ಲವೆ?

ಅವ್ವನಿಗೆ ಕೀಲುನೋವು. ಪುಂಡಿಪಲ್ಯ ಕಡೆಯುವಾಗ ನಡುನಡುವೆ ಮುಂಗೈ ಹಿಡಿದುಕೊಂಡು ಕುಳಿತುಬಿಡುತ್ತಿದ್ದಳು. ಅದನ್ನು ಕಂಡು ನನ್ನ ಹೆಂಡತಿ ಈ ಯಂತ್ರವನ್ನು ಕೊಂಡುತಂದಳು. ನಾನು ಮುನಿದೆ. ಉಡುಪಿಯ ಕೃಷ್ಣನ ಕೈಯಲ್ಲಿಯೇ ಕಡಗೋಲಿದೆಯೆಂದೆ. ಅದರ ನಾದ ಅಡಗಿದರೆ ಮನೆಯ ಸಂಸ್ಕೃತಿಯೇ ಅಡಗೀತೆಂದೆ. ಕೊನೆಗೆ, “ಬನಹಟ್ಟಿಯವಳಾದ ನಿನಗೆ ನಾನು ಹೇಳಬೇಕೆ? ವಿದ್ಯುತ್ ಮಗ್ಗ ಬಂದಮೇಲೆ ಕೈಮಗ್ಗದ ಗತಿ ಏನಾಯಿತು?” ಎಂದು ಕೇಳಿದೆ.

ನೇಕಾರರ ಮಗಳು ಒಲೆಯ ಮುಂದಿನಿಂದ ತಿರುಗಿ ನೋಡಿದಳು. “ಕೈಮಗ್ಗ ನಿಂತಾಗ ನಮ್ಮಪ್ಪನ ಕೂಲಿ ಹೋತ್ರೀ. ಕಡಗೋಲು ನಿಂತರ ಯಾರ ಕೂಲಿ ಹೋಗತೈತಿ? ಅತ್ತಿಯವರಿಗೆ ಯಾರರ ಒಂದು ದಿನಾನರ ಕೂಲಿ ಕೊಟ್ಟಾರೇನು?”

ಅಲ್ಲಿಗೆ ನನ್ನ ವಾದದ ತೊಡೆ ಮುರಿಯಿತು.

ಅವ್ವ ಯಂತ್ರವನ್ನು ಬೇಗನೆ ಪಳಗಿಸಿಕೊಂಡಳು. ಬೆಂದ ಪುಂಡಿಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು ತುಸು ಆರಿದ ಮೇಲೆ ಅಲಗನ್ನು ಪೂರ್ತಿ ಮುಳುಗಿಸಿ, ಅನಂತರವೇ ಗುಂಡಿ ಒತ್ತುವಳು. ಇಲ್ಲವಾದರೆ ಬಿಸಿ ಪಲ್ಯ ಮೈಮೇಲೆ ಸಿಡಿಯುವುದು. ಮೋಟರು ಕಾಯದಂತೆ ತಡೆತಡೆದು ನಡೆಸುವಳು. ನುಚ್ಚು ನಾಲಗೆಗೆ ತಾಗುವಂತಿರುವಾಗಲೇ ನಿಲ್ಲಿಸುವಳು. ತೊಳೆಯುವ ಮುನ್ನ ಪ್ಲಗ್ ಕೀಳಲು ಮರೆಯಳು.

ಆದರೆ ಬೆಣ್ಣೆಗೆ ಮಾತ್ರ ಅವಳು ಅದನ್ನು ಒಪ್ಪಲಿಲ್ಲ. ಬೆಣ್ಣೆಯೆಂದರೆ ಮೊಸರಿನಲ್ಲಿ ಚೆದುರಿದ ಜಿಡ್ಡಿನ ಕಣಗಳು ಒಂದಕ್ಕೊಂದು ತಾಗಿ ಕೂಡಿಕೊಳ್ಳುವುದು. ಅವಸರದ ಅಲಗಿನಿಂದ ಮೊಸರು ಬೆಚ್ಚಗಾಗಿ ನೊರೆಯೇ ಹೆಚ್ಚುವುದೆಂದು ಅವಳ ತೀರ್ಪು. ಸಂಸ್ಕೃತಿಯ ಪಕ್ಷ ವಹಿಸಿದವನೇ ಕಡಗೋಲನ್ನೂ ವಹಿಸಲೆಂದು ಅತ್ತೆಸೊಸೆಯರು ಗೊತ್ತುಮಾಡಿದರು.

ಈಗ ಪ್ರತಿ ರವಿವಾರ ಮುಂಜಾನೆ ಕಂಬದ ಮುಂದೆ ಹಗ್ಗ ಎಳೆಯುತ್ತ ನಿಲ್ಲುವವನು ನಾನು. ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ. ಅವ್ವ ಇದನ್ನು ಐವತ್ತು ವರ್ಷ ಎಳೆದಳು. ಆ ನಾದವನ್ನು ನಾನು ಹಾಸಿಗೆಯಲ್ಲಿ ಮಲಗಿಯೇ ಕೇಳಿದ್ದೆ.

“ಬೆಣ್ಣಿ ಬಂತೇನೋ ತಮ್ಮಾ?” ಎಂದು ಒಳಗಿನಿಂದ ಕೇಳುತ್ತಾಳೆ.

ಇನ್ನೂ ಬಂದಿರುವುದಿಲ್ಲ.