ಬೆರಳಿನ ಜೋಮನ್ನು ಅಲಕ್ಷಿಸದಿರಿ



ನಮ್ಮ ಮಂಜೇಶ್ವರ, ಬದಿಯಡ್ಕ ಕಡೆಯ ಅಡಿಕೆ ತೋಟಗಳಲ್ಲಿ ಕತ್ತಿ ಹಿಡಿದು ಹುಲ್ಲು ಹೆರೆಯುವವರು ಕಡಿಮೆಯಾಗಿ, ಕಳೆ ಕೊಚ್ಚುವ ಯಂತ್ರ ಬಂದಿದೆ. ಮರ ಕೊಯ್ಯಲು, ಗದ್ದೆ ಉಳಲು, ಮುರಕಲ್ಲು ಕಡಿಯಲು ಕೂಡ ಯಂತ್ರವೇ. ಅಲಗು ತಾಗಿ ಗಾಯವಾದೀತೆಂದು ನಾವು ಹೆದರುತ್ತೇವೆ. ಆದರೆ ಹಿಡಿಯ ಮೂಲಕ ಕೈಗೆ ಇಳಿಯುವ ಕಂಪನವನ್ನು ಗಮನಿಸುವುದಿಲ್ಲ.

ಇದು ಹೊಸ ತೊಂದರೆಯಲ್ಲ. 1918ರಲ್ಲಿ ಅಮೇರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರು ಬೆಡ್‌ಫರ್ಡ್ ಎಂಬ ಊರಿನಲ್ಲಿ ಗಾಳಿಯೊತ್ತಡದ ಸುತ್ತಿಗೆಯಿಂದ ಸುಣ್ಣಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿದರು. ಚಳಿಯಲ್ಲಿ ಅವರ ಬೆರಳುಗಳು ಬಿಳಿಚಿ ಮರಗಟ್ಟುತ್ತಿದ್ದವು.

ರೋಗದ ಗುರುತು

ಸತತ ಕಂಪನದಿಂದ ಬೆರಳಿನ ಸಣ್ಣ ರಕ್ತನಾಳಗಳೂ ನರಗಳೂ ಕೆಡುತ್ತವೆ. ಮೊದಲು ಕೆಲಸ ಮುಗಿದ ಮೇಲೆ ಬೆರಳು ಜುಮುಜುಮು ಎನ್ನುತ್ತದೆ. ಬರಬರುತ್ತಾ ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತದೆ, ಅಂಗಿಯ ಗುಂಡಿ ಹಾಕಲು, ನೆಲದ ನಾಣ್ಯ ಹೆಕ್ಕಲು ಕಷ್ಟವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಮಳೆಯಲ್ಲಿ ನೆನೆದಾಗ ಬೆರಳ ತುದಿ ಬಿಳಿಚಬಹುದು. ನಮ್ಮದು ಸೆಕೆಯ ಊರಾದ್ದರಿಂದ ಬಿಳಿಚುವುದು ಕಾಣಿಸದೆ ಜೋಮು ಮಾತ್ರ ಇರಲೂಬಹುದು. ನರ ಪೂರ್ತಿ ಕೆಟ್ಟ ಮೇಲೆ ಸರಿಪಡಿಸುವುದು ಕಷ್ಟ.

ಅಪಾಯವನ್ನು ಅಳೆಯುವುದು ಹೇಗೆ?

ಎರಡು ಸಂಗತಿ ತಿಳಿದರೆ ಸಾಕು: ಯಂತ್ರದ ಕಂಪನ ಎಷ್ಟು, ಅದು ಓಡುತ್ತಾ ಕೈಯಲ್ಲಿರುವುದು ಎಷ್ಟು ಹೊತ್ತು. ಕಂಪನದ ಅಂಕೆ ಹೆಚ್ಚಾಗಿ ಯಂತ್ರದೊಂದಿಗೆ ಬರುವ ಪುಸ್ತಕದಲ್ಲಿರುತ್ತದೆ. ಯುರೋಪಿನ 2002ರ ನಿಯಮದಂತೆ, 8 ಗಂಟೆಯ ಸರಾಸರಿ 2.5 ದಾಟಿದರೆ ಎಚ್ಚರಿಕೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಅಂಕೆ 5 ಇರುವ ಯಂತ್ರ 2 ಗಂಟೆಯಲ್ಲೇ ಎಚ್ಚರಿಕೆಯ ಮಟ್ಟ ಮುಟ್ಟುತ್ತದೆ. ಅಂಕೆ 10 ಆದರೆ ಅರ್ಧ ಗಂಟೆ ಸಾಕು. 2 ಗಂಟೆಗೆ ಮಿತಿಯೇ ಮುಗಿಯಿತು. ಕಂಪನ ಎರಡು ಪಾಲಾದರೆ ಕೆಲಸದ ಹೊತ್ತು ನಾಲ್ಕನೇ ಒಂದು ಪಾಲಿಗೆ ಇಳಿಯಬೇಕು ಎಂಬುದೇ ಇಲ್ಲಿನ ಲೆಕ್ಕ. ಹಳೆಯ, ಸವೆದ ಯಂತ್ರದ ಕಂಪನ ಪುಸ್ತಕದ ಅಂಕೆಗಿಂತ ಹೆಚ್ಚಿರಬಹುದು.

ನಾವು ಮಾಡಬೇಕಾದದ್ದು

* ಅಲಗು ಹರಿತವಾಗಿರಲಿ. ಸಡಿಲ ನಟ್ಟು ಬಿಗಿಯಿರಿ, ಹಿಡಿಯ ಸವೆದ ರಬ್ಬರು ಬದಲಾಯಿಸಿರಿ.
* ಹಿಡಿಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಹಿಡಿಯಬೇಡಿರಿ. ಬಿಗಿದಷ್ಟೂ ಕಂಪನ ಕೈಗೇರುತ್ತದೆ.
* ನಡುನಡುವೆ ಯಂತ್ರ ನಿಲ್ಲಿಸಿ ಬೇರೆ ಕೆಲಸ ಮಾಡಿರಿ, ಅಥವಾ ಇಬ್ಬರು ಸರದಿಯಲ್ಲಿ ಹಿಡಿಯಿರಿ.
* ಕೈ ಬೆಚ್ಚಗೆ, ಒಣಗಿರಲಿ. ಕೈಚೀಲ ಗಾಯ ತಡೆದೀತು, ಕಂಪನವನ್ನು ಅಷ್ಟಾಗಿ ತಡೆಯದು.
* ಬೀಡಿ, ಸಿಗರೇಟು ಬಿಡಿರಿ. ಹೊಗೆ ರಕ್ತನಾಳವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಜೋಮು ಪದೇ ಪದೇ ಬಂದರೆ ವೈದ್ಯರಲ್ಲಿಗೆ ಹೋಗಿ, ಯಾವ ಯಂತ್ರ, ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷದಿಂದ ಎಂದು ಹೇಳಿರಿ. ಸಕ್ಕರೆ ಕಾಯಿಲೆಯಿಂದಲೂ ಜೋಮು ಬರುವುದರಿಂದ ಈ ವಿವರ ಅಗತ್ಯ.

ನಮ್ಮ ತೋಟದಲ್ಲಿ ಎರಡು ಗಂಟೆ ಯಂತ್ರ ಹಿಡಿದ ಹುಡುಗ ಅಂದೇ ಇನ್ನೆರಡು ತೋಟ ಮುಗಿಸಿರಬಹುದು. ಅವನ ಕೈಗೆ ಮೂರೂ ತೋಟದ ಲೆಕ್ಕ ಸೇರುತ್ತದೆ. "ಇವತ್ತೇ ಮುಗಿಸು ಮಾರಾಯ" ಎನ್ನುವ ಮೊದಲು, ಬೆಳಗ್ಗಿನಿಂದ ಎಷ್ಟು ಹೊತ್ತು ಹಿಡಿದಿದ್ದಾನೆಂದು ಕೇಳೋಣ. ಉಳಿದ ಹುಲ್ಲು ನಾಳೆಗಿರಲಿ.