ಬೇಟೆ ಬಿಟ್ಟ ಅಮೀಬಾ

ಅಮೀಬಾ ಆಹಾರವನ್ನು ಹೇಗೆ ಪಡೆಯುತ್ತದೆ ಎಂದು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. ಮಿಥ್ಯಾಪಾದಗಳನ್ನು ಚಾಚಿ ಆಹಾರದ ಕಣವನ್ನು ಸುತ್ತುವರಿಯುತ್ತದೆ, ಆಹಾರ ರಸದಾನಿಯೊಳಗೆ ಅದನ್ನು ಜೀರ್ಣಿಸಿಕೊಳ್ಳುತ್ತದೆ ಎಂಬ ಉತ್ತರ ಬರುತ್ತದೆ. ಈ ಉತ್ತರಕ್ಕೆ ಹೊಂದದ ಅಮೀಬಾ ಒಂದಿದೆ. ಅದು ಬೇಟೆಯಾಡುವುದಿಲ್ಲ. ಗಿಡದಂತೆ ಬೆಳಕಿನಿಂದಲೇ ಬದುಕುತ್ತದೆ. ಅದರ ಹೆಸರು ಪಾಲಿನೆಲ್ಲಾ ಕ್ರೊಮ್ಯಾಟೊಫೋರ.

ಜರ್ಮನಿಯ ಜೀವವಿಜ್ಞಾನಿ ರಾಬರ್ಟ್ ಲೌಟರ್ಬೋರ್ನ್ ರೈನ್ ನದಿಯ ಹಳೆಯ ಕವಲೊಂದರ ಕೆಸರಿನಲ್ಲಿ ಇದನ್ನು ಕಂಡು 1895ರಲ್ಲಿ ವರ್ಣಿಸಿದರು. ಸಿಲಿಕದ ಪುಟ್ಟ ಫಲಕಗಳನ್ನು ಜೋಡಿಸಿದಂತಿರುವ ಮೊಟ್ಟೆಯಾಕಾರದ ಚಿಪ್ಪು. ಅದರೊಳಗೆ ಬಾಗಿದ ಎರಡು ನೀಲಿಹಸಿರು ಕಾಯಗಳು. ಅವಕ್ಕೆ ಕ್ರೊಮ್ಯಾಟೊಫೋರ್, ಅಂದರೆ ಬಣ್ಣ ಹೊತ್ತದ್ದು ಎಂಬ ಹೆಸರು ಬಂದಿತು. ಸೂಕ್ಷ್ಮದರ್ಶಕದಲ್ಲಿ ಅವು ಥೇಟ್ ಸಯನೋಬ್ಯಾಕ್ಟೀರಿಯದಂತೆ ಕಾಣುತ್ತವೆ. ಬ್ಯಾಕ್ಟೀರಿಯದ ಕೋಶಭಿತ್ತಿ ಕೂಡ ಇನ್ನೂ ಉಳಿದಿದೆ.

ಇದು ಸಿಹಿನೀರಿನ ಜೀವಿ. ಆದರೆ ಇದರ ಬಂಧುಗಳು ಸಮುದ್ರದಲ್ಲಿವೆ. ಕೊರಿಯದ ಕರಾವಳಿಯಲ್ಲಿ ದೊರೆತು 2016ರಲ್ಲಿ ಹೆಸರು ಪಡೆದ ಪಾಲಿನೆಲ್ಲಾ ಲಾಂಗಿಕ್ರೊಮ್ಯಾಟೊಫೋರದಲ್ಲಿಯೂ ಇಂಥ ಹಸಿರು ಕಾಯಗಳಿವೆ. ಕಡಲಿನ ಇನ್ನೊಂದು ಬಂಧು ಪಾಲಿನೆಲ್ಲಾ ಓವಾಲಿಸ್‌ನಲ್ಲಿ ಅವಿಲ್ಲ. ಅದು ಈಗಲೂ ಬೇಟೆಗಾರನೇ. ಅಮೆರಿಕದ ಚೆಸಪೀಕ್ ಕೊಲ್ಲಿಯಿಂದ ಹಿಡಿದ ಇಂಥ ಕೋಶಗಳನ್ನು ಒಂದೊಂದಾಗಿ ಬಿಡಿಸಿ 2012ರಲ್ಲಿ ಡಿಎನ್‌ಎ ಓದಿದಾಗ, ಅವು ನುಂಗಿದ್ದ ಸಯನೋಬ್ಯಾಕ್ಟೀರಿಯದ ಡಿಎನ್‌ಎ ಸಿಕ್ಕಿತು. ಹಸಿರು ಪಾಲಿನೆಲ್ಲಾದ ಪೂರ್ವಜರೂ ಹೀಗೆಯೇ ನುಂಗುತ್ತಿದ್ದಿರಬೇಕು. ಸುಮಾರು 10 ಕೋಟಿ ವರ್ಷಗಳ ಹಿಂದೆ, ನುಂಗಿದ ತುತ್ತೊಂದು ಜೀರ್ಣವಾಗದೆ ಒಳಗೇ ಉಳಿಯಿತು.

ಹಾಗಾದರೆ ಆ ಕಾಯ ಇಂದಿಗೂ ಬ್ಯಾಕ್ಟೀರಿಯವೇ? ಅಥವಾ ಅಮೀಬಾದ ಒಂದು ಕಣದಂಗವೇ? ಕಣ್ಣಿನ ಸಾಕ್ಷ್ಯ ಇಲ್ಲಿ ಸಾಲದು, ಜೀನುಗಳನ್ನು ಎಣಿಸಬೇಕು. 2008ರಲ್ಲಿ ಎಣಿಸಿದಾಗ ಕ್ರೊಮ್ಯಾಟೊಫೋರಿನಲ್ಲಿ ಪ್ರೋಟೀನಿಗೆ ಸಂಕೇತ ಕೊಡುವ 867 ಜೀನುಗಳು ಕಂಡವು. ಅದರ ಸ್ವತಂತ್ರ ಬಂಧುವೊಂದರಲ್ಲಿ 3,000ಕ್ಕೂ ಹೆಚ್ಚು ಜೀನುಗಳಿವೆ. ಕಳೆದುಹೋದವು ಯಾವುವು ಎಂಬುದನ್ನು ಗಮನಿಸಿ. ದ್ಯುತಿಸಂಶ್ಲೇಷಣೆಗೆ ಬೇಕಾದವು ಹೆಚ್ಚುಕಡಿಮೆ ಎಲ್ಲವೂ ಉಳಿದಿವೆ. ಕೆಲವು ಅಮಿನೋ ಆಮ್ಲಗಳನ್ನು ತಯಾರಿಸುವ ಜೀನುಗಳು ಹೋಗಿವೆ. ಒಕ್ಕಲು ಬಂದವನು ತನ್ನ ಒಲೆಯನ್ನೇ ಮಾರಿಕೊಂಡಂತೆ! ಹೊರಗೆ ತೆಗೆದಿಟ್ಟರೆ ಅದು ಬದುಕಲಾರದು.

ಕೆಲವು ಜೀನುಗಳು ಅಮೀಬಾದ ಕೋಶಕೇಂದ್ರಕ್ಕೆ ವರ್ಗವಾಗಿವೆ. ಬೆಳಕಿನ ಕ್ರಿಯೆಗೆ ಬೇಕಾದ ಒಂದು ಪ್ರೋಟೀನು ಅಮೀಬಾದ ಕೋಶದ್ರವ್ಯದಲ್ಲಿ ತಯಾರಾಗಿ, ಗಾಲ್ಗಿ ಸಂಕೀರ್ಣದ ಮೂಲಕ ಹಾದು ಕ್ರೊಮ್ಯಾಟೊಫೋರನ್ನು ಸೇರುತ್ತದೆ ಎಂದು 2012ರಲ್ಲಿ ತೋರಿಸಲಾಯಿತು. 2017ರ ಹೊತ್ತಿಗೆ ಹೀಗೆ ಒಳಸೇರುವ ಪ್ರೋಟೀನುಗಳ ಸಂಖ್ಯೆ ನೂರಾರು ಎಂದು ತಿಳಿಯಿತು. ಕೋಶ ವಿಭಜನೆಯಲ್ಲಿಯೂ ಶಿಸ್ತು ಇದೆ. ಅಮೀಬಾ ಒಳಗೆ ತಯಾರಿಸಿದ ಫಲಕಗಳನ್ನು ಹೊರಗೆ ಸಾಗಿಸಿ, ಮಿಥ್ಯಾಪಾದದಿಂದ ಒಂದೊಂದಾಗಿ ಜೋಡಿಸಿ ಮೊದಲು ಹೊಸ ಚಿಪ್ಪು ಕಟ್ಟುತ್ತದೆ. ಅನಂತರ ಒಂದು ಮರಿಕೋಶ ಆ ಚಿಪ್ಪಿಗೆ ತೆರಳುತ್ತದೆ. ಎರಡು ಕ್ರೊಮ್ಯಾಟೊಫೋರುಗಳಲ್ಲಿ ಒಂದು ಅದರ ಪಾಲು, ಒಂದು ಇದರ ಪಾಲು.

ಇಷ್ಟೆಲ್ಲ ತಿಳಿದ ಮೇಲೆ ಅದನ್ನು ಕಣದಂಗವೆಂದು ಕರೆಯುವುದೇ ಸರಿ ಎನಿಸುತ್ತದೆ. ಗಿಡಗಳ ಕ್ಲೋರೋಪ್ಲಾಸ್ಟ್ ಕೂಡ ಸಯನೋಬ್ಯಾಕ್ಟೀರಿಯದಿಂದ ಬಂದದ್ದೇ. ಆದರೆ ಆ ಘಟನೆ 100 ಕೋಟಿ ವರ್ಷಗಳಿಗೂ ಹಿಂದಿನದು, ಮೂಲ ಬ್ಯಾಕ್ಟೀರಿಯವೂ ಬೇರೆ ಗುಂಪಿನದು. ಆದ್ದರಿಂದ ಕ್ಲೋರೋಪ್ಲಾಸ್ಟನ್ನು ಬೋಧಿಸುವಾಗ ಇಂಥದ್ದು ಒಮ್ಮೆ ಮಾತ್ರ ನಡೆಯಿತು ಎನ್ನುವಂತಿಲ್ಲ. ಪ್ರೋಟೀನು ಆಮದು ಮತ್ತು ಜೊತೆಜೊತೆಯ ವಿಭಜನೆ ಎಂಬ ಇದೇ ಅಳತೆಗೋಲುಗಳನ್ನು ಹಿಡಿದು, ಬ್ರಾರುಡೋಸ್ಫೇರ ಎಂಬ ಕಡಲ ಶೈವಲದೊಳಗಿನ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯವನ್ನು 2024ರಲ್ಲಿ ಕಣದಂಗಗಳ ಸಾಲಿಗೆ ಸೇರಿಸಲಾಯಿತು. ಅದರ ಹೊಸ ಹೆಸರು ನೈಟ್ರೋಪ್ಲಾಸ್ಟ್.